ಇಪ್ಪತ್ತೆಂಟು ನಿಮಿಷದ ಬಾಗಿಲು

ಮೆಷಿನ್ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳದ ಹಾಗೆ ಅದಕ್ಕೊಂದು ಇಟ್ಟಿಗೆ ಒತ್ತರಿಸಿ ಇಟ್ಟಿದ್ದರು. ಹದಿನಾರು ವರ್ಷದಿಂದ ಆ ಇಟ್ಟಿಗೆ ಕದಲಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಸೊಸೆ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅತ್ತೆಯ ಕೈ ನಿಂತಿತು.

"ಏನ್ರೀ, ಕೇಳಿಸ್ತಾ?" ಎಂದು ಮುಂದಿನ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಮಾವನನ್ನು ಕೂಗಿದರು.

"ಏನು?"

"ಚಿಲಕ."

"ಚಿಲಕ ಇರೋದೇ ಹಾಕೋಕೆ."

"ಹದಿನಾರು ವರ್ಷದಿಂದ ಯಾರೂ ಹಾಕಿರಲಿಲ್ಲ."

ಮಾವ ಇಸ್ತ್ರಿಪೆಟ್ಟಿಗೆಯಿಂದ ಬುಸ್ಸೆಂದು ಆವಿ ಬಿಟ್ಟರು. ಮಾತು ಬೇಡವಾದಾಗ ಅವರು ಆವಿ ಬಿಡುತ್ತಿದ್ದರು.

ಅದು ಬಟ್ಟೆ ಒಗೆದುಕೊಡುವ ಮನೆ. ಮುಂದೆ ಅಂಗಡಿ, ನಡುವೆ ಅಡುಗೆಮನೆ, ಹಿಂದೆ ಮೆಷಿನ್ ಕೋಣೆ, ಮಹಡಿಯ ಮೇಲೆ ಮಲಗುವುದಕ್ಕೆ ಎರಡು ಕೋಣೆ. ಮಗ ವ್ಯಾನಿನಲ್ಲಿ ಹೋಟೆಲು ಆಸ್ಪತ್ರೆಗಳಿಂದ ಗಂಟು ತರುತ್ತಾನೆ. ಸೊಸೆ ಬಟ್ಟೆ ವಿಂಗಡಿಸಿ, ಕಾಲರು ಉಜ್ಜಿ, ಮೆಷಿನ್‌ಗೆ ಹಾಕುತ್ತಾಳೆ. ಮಾವ ಇಸ್ತ್ರಿ ಮಾಡುತ್ತಾರೆ. ಅತ್ತೆ ಪ್ರತಿ ಬಟ್ಟೆಗೂ ಗುರುತಿನ ಚೀಟಿ ಹೊಲಿಯುತ್ತಾರೆ, ಅಡುಗೆ ಮಾಡುತ್ತಾರೆ, ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾರೆ. ಈ ಮೂರನೆಯ ಕೆಲಸಕ್ಕೆ ಅವರು ಒಂದು ದಿನವಾದರೂ ರಜ ಹಾಕಿದ್ದು ಯಾರಿಗೂ ನೆನಪಿಲ್ಲ. ಇನ್ನು ಉಳಿದವಳು ಹನ್ನೊಂದು ವರ್ಷದ ಮೊಮ್ಮಗಳು. ಯಾವ ಮಾತಿಗಾದರೂ ಎದುರು ಪ್ರಶ್ನೆ ಹಾಕುತ್ತಿದ್ದಳಾದ್ದರಿಂದ ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು.

ಮೆಷಿನ್ ಹಳೆಯದು, ದೊಡ್ಡದು. ಅದು ತಿರುಗಲು ಶುರುವಾದರೆ ಅಡುಗೆಮನೆಯ ಚಹಾ ಕಪ್ಪು ಬಸಿಗಳೆಲ್ಲ ಗಡಗಡ ನಡುಗುತ್ತಿದ್ದವು. ಮಾಮೂಲಿ ಬಟ್ಟೆಗೆ ಇಪ್ಪತ್ತೆಂಟು ನಿಮಿಷದ ಸುತ್ತು, ಕಂಬಳಿಗೆ ಐವತ್ತೆರಡು. ಅವತ್ತು ಇಪ್ಪತ್ತೆಂಟು ನಿಮಿಷ ಮುಗಿದು ಮೆಷಿನ್ ನಿಂತ ಮೇಲೆ ಚಿಲಕ ತೆಗೆದ ಸದ್ದಾಯಿತು. ಸೊಸೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಹೊರಗೆ ಬಂದಳು.

"ಬಾಗಿಲು ಯಾಕೆ ಹಾಕಿದ್ದೆ?" ಎಂದು ಅತ್ತೆ ಕೇಳಿದರು.

"ಪ್ರಾರ್ಥನೆ ಮಾಡ್ತಿದ್ದೆ."

"ಮೆಷಿನ್ ಪಕ್ಕದಲ್ಲಾ?"

"ಅಲ್ಲಿ ಯಾರಿಗೂ ಕೇಳಿಸಲ್ಲ."

ಸೊಸೆ ಸಹಜವಾಗಿಯೇ ಹೇಳಿದ್ದಳು. ಆದರೆ ಈ ಒಂದು ಮಾತು ಅತ್ತೆಯ ಕಿವಿಗೆ ಮುಳ್ಳಿನ ಹಾಗೆ ನೆಟ್ಟಿತು. ಯಾರಿಗೂ ಕೇಳಿಸಬಾರದ್ದು ಅಂಥದ್ದೇನಿದೆ?

ಆ ಮನೆಯಲ್ಲಿ ಪ್ರಾರ್ಥನೆಗೇನೂ ಕೊರತೆ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಸಂಜೆ ಏಳಕ್ಕೆ ಊಟದ ಮೇಜಿನ ಸುತ್ತ ಐದೂ ಜನ ಕೂರುತ್ತಿದ್ದರು. ಒಂದು ಹಾಡು, ವೇದಪುಸ್ತಕದಿಂದ ಒಂದಿಷ್ಟು ಓದು, ಆಮೇಲೆ ಒಬ್ಬೊಬ್ಬರೂ ಸರದಿಯಂತೆ ಗಟ್ಟಿಯಾಗಿ ಪ್ರಾರ್ಥಿಸಬೇಕು. ಮುಖ ನೋಡಿ ಹೇಳಲಾಗದ್ದನ್ನೆಲ್ಲ ಅಲ್ಲಿ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು.

"ಕರ್ತನೇ," ಎಂದು ಅತ್ತೆ ಶುರುಮಾಡುತ್ತಿದ್ದರು, "ಅನ್ನದ ಪಾತ್ರೆಯನ್ನ ತಳ ಹಿಡಿಸಿ, ನೀರು ಹಾಕಿ ಬಚ್ಚಿಟ್ಟವರು ಯಾರೂಂತ ನಿನಗೆ ಗೊತ್ತು. ಅವರಿಗೆ ಒಳ್ಳೇ ಮನಸ್ಸು ಕೊಡು."

"ಕರ್ತನೇ," ಎಂದು ಮಾವ ಮುಂದುವರಿಸುತ್ತಿದ್ದರು, "ದಿನಕ್ಕೆ ಎಂಟು ಗಂಟೆ ನಿಂತುಕೊಳ್ಳೋನ ಸೊಂಟ ನಿನಗೆ ಗೊತ್ತು. ಗೊತ್ತಿಲ್ಲದವರಿಗೂ ತಿಳಿಸಿಕೊಡು."

"ಕರ್ತನೇ, ದಾರೀಲಿ ಎಷ್ಟು ವಾಹನ ಇರ್ತಾವೆ ಅನ್ನೋದನ್ನ ಮನೇಲಿ ಕೂತಿರೋರಿಗೆ ಅರ್ಥ ಮಾಡಿಸು," ಎನ್ನುತ್ತಿದ್ದ ಮಗ. ಅವನು ದಿನಾ ಊಟಕ್ಕೆ ತಡವಾಗಿ ಬರುತ್ತಿದ್ದ.

ಸೊಸೆಯೇನು ಕಡಿಮೆ ಇರಲಿಲ್ಲ. "ಕರ್ತನೇ, ಯಾರು ಏನೇ ಅಂದ್ರೂ ತಾಳಿಕೊಳ್ಳೋ ಶಕ್ತಿ ಕೊಡು," ಎಂದು ಅವಳು 'ಯಾರು' ಎಂಬುದನ್ನು ಒಂದು ಗಳಿಗೆ ಎಳೆದು ಹೇಳುತ್ತಿದ್ದಳು. ಆಮೇಲೆ ಎಲ್ಲರೂ ಒಟ್ಟಿಗೆ ಆಮೆನ್ ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದರು. ಪಾಪ, ಆ ಮೇಜಿನ ಮೇಲೆ ದೇವರಿಗೆ ಅಂಚೆಯವನ ಕೆಲಸ.

ಬಾಗಿಲು ಮುಚ್ಚಿದ್ದಕ್ಕೆ ಕಾರಣ ಹಿಂದಿನ ದಿನ, ಭಾನುವಾರ ನಡೆದಿತ್ತು. ಚರ್ಚಿನ ಸಭೆಯಲ್ಲಿ ಬೋಧಕರು ಪ್ರಸಂಗದ ನಡುವೆ ನಿಲ್ಲಿಸಿ, "ದಿನಾ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡು ಒಬ್ಬರೇ ದೇವರ ಹತ್ತಿರ ಮಾತಾಡೋರು ಎಷ್ಟು ಜನ? ಕೈಯೆತ್ತಿ," ಎಂದರು. ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಅತ್ತೆ ತಮ್ಮ ಬಲಗೈ ಎತ್ತಿದರು. ಎತ್ತಿದ್ದು ಸಾಲದೆಂದು ಎಡಗೈಯಿಂದ ಪಕ್ಕದಲ್ಲಿದ್ದ ಸೊಸೆಯ ಮಣಿಕಟ್ಟು ಹಿಡಿದು ಅದನ್ನೂ ಮೇಲೆತ್ತಿ, "ನಮ್ಮ ಮನೆಯವರೆಲ್ಲ," ಎಂದರು. ಬೋಧಕರು ಮೆಚ್ಚಿ ತಲೆದೂಗಿದರು.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಸೊಸೆ ಗಂಡನಿಗೆ ಹೇಳಿದಳು: "ಇವತ್ತು ಸಭೇಲಿ ನನ್ನ ಕೈ ಸುಳ್ಳು ಹೇಳ್ತು."

"ಎತ್ತಿದ್ದು ಅಮ್ಮ ತಾನೇ?"

"ಕೈ ನಂದು."

ಮಾರನೆಯ ದಿನ ಅವಳು ಇಟ್ಟಿಗೆ ಸರಿಸಿದಳು. ಎದ್ದಾಗಿನಿಂದ ಮಲಗುವ ತನಕ ಅವಳಿಗೆ ಕೈ ಖಾಲಿ ಇರುತ್ತಿದ್ದದ್ದು ಮೆಷಿನ್ ತಿರುಗುವ ಹೊತ್ತಿನಲ್ಲಿ ಮಾತ್ರ. ಅದೂ ಬೆಳಗಿನ ಮೊದಲ ಸುತ್ತಿನಲ್ಲಿ. ಎರಡನೆಯದು ಶುರುವಾಗುವಷ್ಟರಲ್ಲಿ ಮೊದಲನೆಯದನ್ನು ಹರವಬೇಕಾಗಿರುತ್ತಿತ್ತು. ಆ ಇಪ್ಪತ್ತೆಂಟು ನಿಮಿಷ ಅವಳಿಗೆ ಬೇಕಾಗಿತ್ತು, ಅಷ್ಟೇ. ಎತ್ತಿಸಿದ ಕೈಯನ್ನು ನಿಜ ಮಾಡಬೇಕಾಗಿತ್ತು.

ಮೊದಲ ವಾರ ಅತ್ತೆ ಬಾಯಿ ಬಿಡಲಿಲ್ಲ. ಅವರು ಗಮನಿಸಿದ್ದು ಬೇರೆ. ಸಂಜೆಯ ಮೇಜಿನ ಬಳಿ ಸೊಸೆಯ ಪ್ರಾರ್ಥನೆ ಒಮ್ಮೆಲೇ ಕುಗ್ಗಿಹೋಗಿತ್ತು. "ಕರ್ತನೇ, ಈ ದಿನಕ್ಕಾಗಿ ವಂದನೆ. ಆಮೆನ್." ಎಳೆದು ಹೇಳುವ 'ಯಾರು' ಇಲ್ಲ, ಚುಚ್ಚು ಇಲ್ಲ, ಏನೂ ಇಲ್ಲ. ಶುಕ್ರವಾರ ಅತ್ತೆ ಬೇಕೆಂದೇ, "ಕರ್ತನೇ, ಕಿಟಕಿಯ ಗಾಜು ತಿಂಗಳಿಂದ ಒರೆಸದೆ ಇರೋರನ್ನ ಕ್ಷಮಿಸು," ಎಂದು ಕೆಣಕಿದರು. ಸೊಸೆ ವಂದನೆ ಹೇಳಿ ಮುಗಿಸಿದಳು. ಶನಿವಾರ ಬೆಳಿಗ್ಗೆ ಗಾಜು ಒರೆಸಿತ್ತು.

"ನೋಡಿದ್ರಾ?" ಎಂದು ಅತ್ತೆ ಮಾವನ ಹತ್ತಿರ ಪಿಸುಗುಟ್ಟಿದರು. "ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಅಂದ್ರೆ ಎಲ್ಲಾನೂ ಅಲ್ಲಿ ಹೇಳ್ತಿದ್ದಾಳೆ."

"ಹೇಳ್ಲಿ ಬಿಡೇ. ದೇವರಿಗೆ ತಾನೇ."

"ದೇವರಿಗೆ ಹೇಳಿದ್ರೆ ಪರವಾಗಿಲ್ವಾ? ಅಲ್ಲಿ ನಮ್ಮ ಕಡೆಯಿಂದ ಮಾತಾಡೋಕೆ ಯಾರಿದ್ದಾರೆ?"

ಮಾವ ಆವಿ ಬಿಡಲು ಕೈ ಎತ್ತಿ, ಬಿಡದೆ ನಿಂತರು. ಈ ಪ್ರಶ್ನೆ ಅವರ ತಲೆಗೆ ಬಂದಿರಲಿಲ್ಲ.

ಎರಡನೆಯ ವಾರ ಲಾಯರಮ್ಮನಿಗೆ ಕೆಲಸ ಸಿಕ್ಕಿತು. ಶಾಲೆಗೆ ರಜ ಇದ್ದ ದಿನ ಅಜ್ಜಿ ಅವಳನ್ನು ಹತ್ತಿರ ಕರೆದು, "ಮೆಷಿನ್ ಕೋಣೆ ಹತ್ತಿರ ಆಡಿಕೋ ಹೋಗು," ಎಂದರು.

"ಅಲ್ಲಿ ಆಡೋಕೇನಿದೆ?"

"ಬಾಗಿಲಿಗೆ ಕಿವಿ ಇಟ್ಟು ಆಡು."

ಹುಡುಗಿ ಹೋದಳು, ಬಂದಳು. "ಢಬಢಬ ಅಂತಿದೆ."

"ನಿಮ್ಮಮ್ಮ?"

"ಮೆಷಿನ್. ಅಮ್ಮನ ಮಾತು ಕೇಳಿಸಲ್ಲ. ಮಾತಾಡ್ತಿರೋದು ಮಾತ್ರ ಗೊತ್ತಾಗತ್ತೆ. ಜೋರಾಗೇ ಮಾತಾಡ್ತಿದ್ದಾಳೆ ಅಜ್ಜಿ, ಯಾರದೋ ಜೊತೆ ಜಗಳ ಆಡೋ ಹಾಗೆ. ಕದ್ದು ಕೇಳೋದು ತಪ್ಪಲ್ವಾ?"

"ನೀನು ಆಡ್ತಿದ್ದೆ, ಕದ್ದು ಕೇಳಲಿಲ್ಲ."

"ಹಾಗಾದ್ರೆ ನಿಮಗೆ ಯಾಕೆ ಹೇಳಬೇಕು?" ಎಂದು ಲಾಯರಮ್ಮ ಓಡಿಹೋದಳು. ಆದರೆ ಜಗಳ ಆಡೋ ಹಾಗೆ ಎಂಬ ಮಾತು ಅತ್ತೆಯ ಬಳಿ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಅದು ಮಾವನನ್ನೂ, ಊಟದ ಹೊತ್ತಿಗೆ ಮಗನನ್ನೂ ತಲುಪಿತು.

ಒಂದು ಮುಚ್ಚಿದ ಬಾಗಿಲು ಎಷ್ಟು ಕೆಲಸ ಮಾಡಬಲ್ಲದು ಎಂದು ಆ ಮನೆಯನ್ನು ನೋಡಿ ತಿಳಿಯಬೇಕು. ಮಗ ದಿನಾ ಗಂಟುಗಳನ್ನು ತರುವ ದಾರಿಯಲ್ಲಿ ಉದ್ಯಾನದ ಬೇಲಿ ಪಕ್ಕ ವ್ಯಾನು ನಿಲ್ಲಿಸಿ, ಮೇಜುಬಟ್ಟೆಗಳ ಮೇಲೆ ಅರ್ಧ ಗಂಟೆ ನಿದ್ದೆ ಹೊಡೆಯುತ್ತಿದ್ದ. ಅವನ ತಡಕ್ಕೆ ವಾಹನಗಳು ಕಾರಣವಾಗಿರಲಿಲ್ಲ. ಹೆಂಡತಿ ಜಗಳವಾಡುತ್ತಿರುವುದು ತನ್ನ ವಿಷಯಕ್ಕೇ ಎಂದು ಅವನಿಗೆ ಖಾತ್ರಿಯಾಯಿತು. ಮೂರನೆಯ ವಾರದಿಂದ ಅವನು ಹನ್ನೆರಡೂವರೆಗೆ ಸರಿಯಾಗಿ ಮನೆಯಲ್ಲಿರುತ್ತಿದ್ದ. "ದಾರಿ ಖಾಲಿ ಇತ್ತು," ಎನ್ನುತ್ತ ಕೈ ತೊಳೆಯುತ್ತಿದ್ದ. ಅವನ ಕಣ್ಣ ಕೆಳಗೆ ಕಪ್ಪಾಗುತ್ತ ಬಂತು.

ಮಾವ ಇನ್ನೂ ಎರಡು ದಿನ ತಡೆದುಕೊಂಡರು. ಆಮೇಲೆ ಸೊಸೆ ಹ್ಯಾಂಗರು ತೆಗೆದುಕೊಳ್ಳಲು ಅಂಗಡಿಗೆ ಬಂದಾಗ ಸುತ್ತ ನೋಡಿ, ಮೆಲ್ಲಗೆ ಕೇಳಿದರು.

"ಆ ಅಂಗಿ ವಿಷಯ ಹೇಳಿಬಿಟ್ಟೆಯಾಮ್ಮ?"

"ಯಾವ ಅಂಗಿ?"

ಮಾವ ಪೆಚ್ಚಾದರು. ಆದರೆ ಬಾಯಿಂದ ಬಿದ್ದದ್ದನ್ನು ಎತ್ತಿಕೊಳ್ಳಲಾದೀತೇ? ಇಸ್ತ್ರಿ ಮೇಜಿನ ಹೊದಿಕೆ ಎತ್ತಿ, ಅದರ ಕೆಳಗೆ ಹಾಸಿದ್ದ ಒಂದು ಬಿಳಿ ಅಂಗಿ ತೋರಿಸಿದರು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಕಲೆ. ಆ ಅಂಗಿ ಒಗೆಯಲು ಕೊಟ್ಟಿದ್ದ ಶಾಲೆಯ ಮೇಷ್ಟರು ಮೂರು ವಾರದಿಂದ ಬಂದು ಬಂದು ಕೇಳುತ್ತಿದ್ದರು, ಮಾವ ಹುಡುಕುತ್ತಿದ್ದೇನೆ ಎನ್ನುತ್ತಿದ್ದರು.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಇಲ್ಲ ಮಾವ. ಒಳಗೆ ನಿಮ್ಮ ವಿಷಯ ನಾನು ಏನೂ ಹೇಳಿಲ್ಲ."

"ಏನೂ ಅಂದ್ರೆ ಏನೂ?"

"ಏನೂ."

"ಸೊಂಟದ ವಿಷಯವಾದ್ರೂ?" ಎಂದರು ಮಾವ. ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಅತ್ತೆಗೆ ಮಾತ್ರ ಒಪ್ಪಿಕೊಳ್ಳಲು ಏನೂ ಇರಲಿಲ್ಲ. ತಮ್ಮಲ್ಲಿ ತಪ್ಪಿದೆ ಎಂದು ಅವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ಅದಕ್ಕೇ ಅವರ ಅನುಮಾನ ಕುಳಿತುಕೊಳ್ಳಲು ಜಾಗ ಸಿಗದೆ ಮನೆ ತುಂಬ ಓಡಾಡುತ್ತಿತ್ತು. ಸಾಲದ್ದಕ್ಕೆ ಸೊಸೆಯ ನಡತೆ ಬೇರೆ ಬದಲಾಗಿತ್ತು. ಕೇಳದೆ ಚಹಾ ತಂದಿಡುತ್ತಿದ್ದಳು. ಅತ್ತೆಯ ಮಂಡಿ ನೋವಿಗೆ ಎಣ್ಣೆ ಬಿಸಿ ಮಾಡಿ ತಂದು, ಕಾಲ ಬಳಿ ಕೂತು, ತುಟಿ ಬಿಗಿಹಿಡಿದು ತಿಕ್ಕುತ್ತಿದ್ದಳು. ಮೊದಲೆಲ್ಲ ಎಣ್ಣೆಯ ಬಾಟಲಿ ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದವಳು.

"ಬೇರೆ ಮನೆ ಮಾಡೋಕೆ ಯೋಚನೆ ಮಾಡಿದ್ದಾಳೆ," ಎಂದು ಅತ್ತೆ ಮಗನಿಗೆ ಹೇಳಿದರು. "ಹೋಗೋರು ಹೋಗೋ ಮುಂಚೆ ಹೀಗೇ ಒಳ್ಳೆಯವರಾಗೋದು."

"ಅಮ್ಮ, ಎಣ್ಣೆ ಹಚ್ಚಿದ್ರೂ ಕಷ್ಟಾನಾ?"

"ಎಣ್ಣೆ ಹಚ್ಚೋವಾಗ ಮುಖ ನೋಡಿದ್ದೀಯಾ? ನನ್ನ ಮಂಡೀನ ಹಾಗೆ ನೋಡ್ತಾಳೆ, ಹೋಗದ ಕಲೆ ನೋಡೋ ಹಾಗೆ."

ಐದನೆಯ ವಾರ ಮೇಜುಬಟ್ಟೆಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಹೋಟೆಲಿನ ಬಿಳಿ ಮೇಜುಬಟ್ಟೆ ನಲವತ್ತು. ಯಾವುದೋ ಒಂದರ ಮಡಿಕೆಯೊಳಗೆ ಕೆಂಪು ಕರವಸ್ತ್ರ ಸಿಕ್ಕಿಕೊಂಡಿತ್ತು. ಹತ್ತೂಕಾಲಿಗೆ ಒಳಗಿರಬೇಕೆಂಬ ಅವಸರದಲ್ಲಿ ಸೊಸೆ ಎಲ್ಲವನ್ನೂ ಕೊಡವಿ ನೋಡಿರಲಿಲ್ಲ. ಬಾಗಿಲು ತೆರೆದು ಬುಟ್ಟಿ ಹೊತ್ತು ಬಂದವಳ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ತಪ್ಪು ನಂದು," ಎಂದಳು.

"ನಿಂದಲ್ಲಮ್ಮ, ಬಾಗಿಲಿಂದು," ಎಂದು ಅತ್ತೆ ಎದ್ದರು. ಮಂಡಿ ನೋವು ಮರೆತು ಹಿಂದಕ್ಕೆ ಹೋಗಿ, ಇಟ್ಟಿಗೆಯನ್ನು ಎತ್ತಿ, ಅದರ ಜಾಗದಲ್ಲಿ ಒತ್ತರಿಸಿದರು. "ಬಾಗಿಲು ತೆರೆದಿದ್ರೆ ನಾನಾದ್ರೂ ನೋಡ್ತಿದ್ದೆ. ಇನ್ನು ಮೇಲೆ ಇದು ಸರಿಯೋ ಹಾಗಿಲ್ಲ. ಪ್ರಾರ್ಥನೆ ಬೇಕಾದ್ರೆ ಸಂಜೆ ಮೇಜಿದೆ."

"ಮೇಜಿನ ಹತ್ರ ಆಗಲ್ಲ ಅತ್ತೆ."

"ಯಾಕಾಗಲ್ಲ? ನಾವೆಲ್ಲ ಮಾಡಲ್ವಾ?"

"ಅಲ್ಲಿ ನಾನು ನಿಮಗೆ ಹೇಳ್ತೀನಿ, ದೇವರಿಗೆ ಹೇಳಲ್ಲ. ನೀವೂ ಅಷ್ಟೇ."

ಅಂಗಡಿಯಲ್ಲಿ ಮಾವ ಆವಿ ಬಿಟ್ಟರು, ಎರಡು ಸಲ. ನಲವತ್ತು ವರ್ಷದಿಂದ ಆ ಮೇಜಿನ ಪ್ರಾರ್ಥನೆ ನಡೆಸಿಕೊಂಡು ಬಂದ ಅತ್ತೆಗೆ ಈ ಮಾತು ಕೆನ್ನೆಗೆ ಹೊಡೆದ ಹಾಗೆ ಆಯಿತು. "ಇಟ್ಟಿಗೆ ಅಲ್ಲೇ ಇರತ್ತೆ," ಎಂದಷ್ಟೇ ಹೇಳಿದರು.

ಇಡೀ ವಾರ ಇಟ್ಟಿಗೆ ಅಲ್ಲೇ ಇತ್ತು. ಸೊಸೆ ಬೇರೆ ಜಾಗ ಹುಡುಕಿದಳು. ಬಚ್ಚಲಮನೆಗೆ ಹೋದರೆ ಎರಡೇ ನಿಮಿಷಕ್ಕೆ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಬೆಳಿಗ್ಗೆ ಬೇಗ ಎದ್ದು ವ್ಯಾನಿನಲ್ಲಿ ಕೂತಳು. ಪಕ್ಕದ ಮನೆಯಾಕೆ ಕಿಟಕಿಗೆ ಮುಖ ತಂದು, "ಗಂಡ ಹೆಂಡತಿ ಜಗಳಾನಾ?" ಎಂದು ಕೇಳಿದಳು. ಮಹಡಿಯ ಕೋಣೆಯಲ್ಲಿ ಹಾಸಿಗೆಯ ಪಕ್ಕ ಮಂಡಿಯೂರಿದರೆ ಲಾಯರಮ್ಮ ಬಂದು, "ಏನು ಕಳೆದುಹೋಯ್ತಮ್ಮ, ನಾನೂ ಹುಡುಕ್ಲಾ?" ಎಂದಳು. ಆ ಮನೆಯಲ್ಲಿ ಒಬ್ಬಳು ಒಬ್ಬಳೇ ಇರುವುದಕ್ಕೆ ಮೊಳದಷ್ಟು ಜಾಗವಿರಲಿಲ್ಲ.

ಮತ್ತೆ ಸೋಮವಾರ ಬಂದಾಗ ಸೊಸೆ ಬೆಳಿಗ್ಗೆ ಐದಕ್ಕೇ ಎದ್ದು ಅವತ್ತಿನ ಅಷ್ಟೂ ಬಟ್ಟೆಯನ್ನು ಒಂದೊಂದಾಗಿ ಕೊಡವಿ ವಿಂಗಡಿಸಿದಳು. ಕಾಲರುಗಳನ್ನು ಉಜ್ಜಿ ಸಾಲಾಗಿ ಇಟ್ಟಳು. ಹತ್ತೂಕಾಲಿಗೆ ಅಡುಗೆಮನೆಗೆ ಬಂದು ಅತ್ತೆಯ ಮುಂದೆ ನಿಂತಳು.

"ಕೆಲಸ ಎಲ್ಲ ಆಗಿದೆ. ಬೇಕಾದ್ರೆ ಬಂದು ನೋಡಿ. ನಾನು ಬಾಗಿಲು ಹಾಕ್ಕೊಳ್ತೀನಿ."

"ಬೇಡ ಅಂದಿದ್ದೆ."

"ಅತ್ತೆ, ನಿಮ್ಮ ಮನೇಲಿ ನಾನು ಹನ್ನೆರಡು ವರ್ಷದಿಂದ ಏನೂ ಕೇಳಿಲ್ಲ. ಇದೊಂದು ಬಿಟ್ಟುಬಿಡಿ. ಇದೂ ಇಲ್ಲ ಅಂದ್ರೆ ನಾನು ಈ ಮನೇಲಿ ಎಂಥವಳಾಗಿಬಿಡ್ತೀನೋ ನನಗೇ ಭಯ ಆಗತ್ತೆ."

ಇಷ್ಟು ಹೇಳಿ ಹೋಗಿ ಇಟ್ಟಿಗೆ ಸರಿಸಿದಳು. ಚಿಲಕದ ಸದ್ದು. ಕಪ್ಪು ಬಸಿಗಳು ನಡುಗತೊಡಗಿದವು. ಭಯ ಆಗತ್ತೆ ಎಂಬ ಮಾತನ್ನು ಅತ್ತೆ ಬೆದರಿಕೆ ಎಂದೇ ತಿಳಿದರು. ನಾಲ್ಕು ದಿನ ತಿಳಿದುಕೊಂಡೇ ಇದ್ದರು. ಆ ನಾಲ್ಕು ಸಂಜೆಯೂ ಬಿಸಿ ಎಣ್ಣೆ ಬಂತು, ಮಂಡಿ ತಿಕ್ಕಿಸಿಕೊಂಡರು, ಮೇಲಿಂದ ಸೊಸೆಯ ಬೈತಲೆಯನ್ನು ದಿಟ್ಟಿಸುತ್ತ ಕೂತರು. ಶುಕ್ರವಾರ ಬೆಳಿಗ್ಗೆ ಅವರಿಗೆ ಉಪಾಯ ಹೊಳೆಯಿತು.

ಉಪಾಯ ಬಹಳ ಸರಳವಾಗಿತ್ತು. ಮೆಷಿನ್ ಕೋಣೆಯ ಹೊರಗೋಡೆಯಲ್ಲಿ ಕರೆಂಟಿನ ದೊಡ್ಡ ಸ್ವಿಚ್ಚು ಇತ್ತು. ಅದನ್ನು ಕೆಳಗೆಳೆದರೆ ಮೆಷಿನ್ ನಿಲ್ಲುತ್ತದೆ. ಮೆಷಿನ್ ನಿಂತರೆ ಮಾತು ಕೇಳಿಸುತ್ತದೆ.

"ಸಾಕ್ಷಿಗೆ ಇರಬೇಕು ನೀವು," ಎಂದು ಮಾವನನ್ನು ಅಂಗಡಿಯಿಂದ ಎಳೆತಂದರು. ಗಂಟು ಇಳಿಸುತ್ತಿದ್ದ ಮಗ ಹೆಗಲ ಮೇಲಿನ ಹೊರೆಯ ಸಮೇತ ನಿಂತ. ಶಾಲೆಯಲ್ಲಿ ನೀರಿಲ್ಲವೆಂದು ಅವತ್ತು ಬೇಗ ಬಂದಿದ್ದ ಲಾಯರಮ್ಮ ಬ್ಯಾಗು ಇಳಿಸದೆ ಅಪ್ಪನ ಪಕ್ಕ ಬಂದಳು.

"ಅಮ್ಮ, ಬೇಡ. ಇದು ಚೆನ್ನಾಗಿರಲ್ಲ," ಎಂದ ಮಗ. ಆದರೆ ಜಾಗ ಬಿಟ್ಟು ಕದಲಲಿಲ್ಲ. ಅವನಿಗೂ ಕೇಳಬೇಕಾಗಿತ್ತು.

"ಏನೂ ಇಲ್ಲದಿದ್ರೆ ಯಾರಿಗೇನು ನಷ್ಟ?" ಎಂದು ಅತ್ತೆ ಸ್ವಿಚ್ಚು ಎಳೆದರು.

ಮೆಷಿನ್ ಎರಡು ಸಲ ಹೊರಳಿ ನಿಂತಿತು. ಮೆಷಿನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದವರಿಗೆ ಅದು ನಿಂತದ್ದು ತಿಳಿಯಲು ಒಂದೆರಡು ಗಳಿಗೆ ಬೇಕು. ಆ ಗಳಿಗೆಯಲ್ಲಿ ಸೊಸೆಯ ದನಿ ಬಾಗಿಲಿನಾಚೆಯಿಂದ ಸ್ಪಷ್ಟವಾಗಿ, ಗಂಟಲು ತೆರೆದು ಬಂತು.

"...ಆರು ವಾರ ಆಯ್ತು ಕರ್ತನೇ, ಇನ್ನೂ ಆಗ್ತಿಲ್ಲ! ಅತ್ತೇನ ಪ್ರೀತಿಸೋಕೆ ನನ್ನ ಕೈಲಿ ಆಗ್ತಿಲ್ಲ! ಅವರು ಕೆಮ್ಮಿದ್ರೂ ನನಗೆ ಮೈ ಉರಿಯತ್ತೆ. ನಿನ್ನೇನೂ ಎಣ್ಣೆ ಹಚ್ಚಿದೆ. ಕೈ ಹಚ್ಚಿತು, ಮನಸ್ಸು ಬರಲೇ ಇಲ್ಲ. ಅವರನ್ನ ಬದಲಾಯಿಸು ಅಂತ ನಾನು ಕೇಳ್ತಿಲ್ಲ, ಕೇಳಿದ್ನಾ ಒಂದು ದಿನಾನಾದ್ರೂ? ನನ್ನನ್ನ ಏನಾದ್ರೂ ಮಾಡು. ಇವತ್ತೂ ಆಗಲ್ಲ ಅನ್ಸತ್ತೆ. ನಾಳೆ ಮತ್ತೆ ಬರ್ತೀನಿ, ನೀನು ಬೇಜಾರು..."

ಅಲ್ಲಿಗೆ ದನಿ ನಿಂತಿತು. ಎಲ್ಲೋ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಗಲ ಮೇಲಿನ ಗಂಟನ್ನು ಮಗ ಇಳಿಸಲೂ ಇಲ್ಲ, ಸರಿಮಾಡಿಕೊಳ್ಳಲೂ ಇಲ್ಲ.

ಚಿಲಕ ತೆರೆಯಿತು. ಸೊಸೆ ನಾಲ್ವರನ್ನೂ ನೋಡಿದಳು, ಆಮೇಲೆ ಸ್ವಿಚ್ಚಿನ ಮೇಲಿದ್ದ ಅತ್ತೆಯ ಕೈ ನೋಡಿದಳು. ಅವಳ ಮುಖ ಕಿವಿಯ ತನಕ ಕೆಂಪಾಯಿತು. ಬೈಯಲಿಲ್ಲ, ಅಳಲಿಲ್ಲ. "ನೀರು ಒಳಗೇ ನಿಂತಿದೆ. ಬಟ್ಟೆ ಹಾಳಾಗತ್ತೆ," ಎಂದಳು. ಅತ್ತೆ ಸ್ವಿಚ್ಚು ಮೇಲೆ ತಳ್ಳಿದರು. ಮೆಷಿನ್ ಮತ್ತೆ ಶುರುವಾಯಿತು. ಯಾರಿಗೆ ಯಾರು ಏನು ಹೇಳಿದರೂ ಇನ್ನು ಕೇಳಿಸುವಂತಿರಲಿಲ್ಲ.

ಮಧ್ಯಾಹ್ನ ಆಲೂಗಡ್ಡೆ, ಮೊಟ್ಟೆ, ಅನ್ನ. ಬಡಿಸಿದ್ದು ಅತ್ತೆ. ಎಲ್ಲರಿಗೂ ಬಡಿಸಿ, ತಾವು ಹಸಿವಿಲ್ಲವೆಂದು ಚೀಟಿ ಹೊಲಿಯಲು ಕೂತರು. ಅವರ ಸೂಜಿ ಒಂದೇ ಚೀಟಿಗೆ ನಾಲ್ಕು ಸಲ ಓಡಿತು.

"ನಾನು ಮೊದಲೇ ಹೇಳಿದ್ದೆ," ಎಂದು ಮಾವ ಬಾಯಿ ತೆರೆದರು.

"ನೀವು ಏನೂ ಹೇಳಿರಲಿಲ್ಲ," ಎಂದರು ಅತ್ತೆ. "ಆವಿ ಬಿಟ್ರಿ."

ಸಂಜೆ ಏಳಾಗುವುದನ್ನು ಎಲ್ಲರೂ ಹೆದರಿಕೊಂಡೇ ಕಾದರು. ಅತ್ತೆಯ ಪ್ರಾರ್ಥನೆ ಇವತ್ತು ಯಾರನ್ನು ಉಳಿಸೀತು? ಮಾವ ಒಂದು ಹಾಡಿಗೆ ಬದಲು ಎರಡು ಹಾಡು ಹಾಡಿಸಿದರು. ಓದು ಮುಗಿಯಿತು. ಮಗನ ಪ್ರಾರ್ಥನೆಯಲ್ಲಿ ವಾಹನಗಳಿರಲಿಲ್ಲ, ಮಾವನ ಪ್ರಾರ್ಥನೆಯಲ್ಲಿ ಸೊಂಟವಿರಲಿಲ್ಲ. ಸೊಸೆ ಒಣಗಿದ ದನಿಯಲ್ಲಿ ವಂದನೆ ಹೇಳಿದಳು. ಕೊನೆಗೆ ಅತ್ತೆಯ ಸರದಿ.

"ಕರ್ತನೇ," ಎಂದರು ಅತ್ತೆ.

ಲಾಯರಮ್ಮ ಒಂದು ಕಣ್ಣು ತೆರೆದು ನೋಡಿದಳು. ಅಜ್ಜಿಯ ತುಟಿ ಅಲ್ಲಾಡುತ್ತಿತ್ತು, ಸದ್ದು ಇರಲಿಲ್ಲ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅನ್ನ ಆರುತ್ತಿತ್ತು. ಬಹಳ ಹೊತ್ತಾದ ಮೇಲೆ, "ಆಮೆನ್," ಎಂದರು.

"ಅಜ್ಜಿ, ನಡುವೆ ಏನೂ ಹೇಳಲೇ ಇಲ್ಲ ನೀವು."

"ಹೇಳಿದೆ. ನಿನಗಲ್ಲ. ಊಟ ಮಾಡು."

ಆ ಸಂಜೆ ಎಣ್ಣೆಯ ಬಾಟಲಿ ಒಲೆಯ ಪಕ್ಕದಲ್ಲೇ ಉಳಿಯಿತು. ಸೊಸೆಗೆ ಹಚ್ಚಲು ಮುಖವಿರಲಿಲ್ಲ, ಅತ್ತೆಗೆ ಹಚ್ಚು ಎನ್ನಲು ಬಾಯಿರಲಿಲ್ಲ.

ಮಾರನೆಯ ಬೆಳಿಗ್ಗೆ ಹತ್ತಾಯಿತು. ಸೊಸೆ ವಿಂಗಡಿಸಿದ ಬಟ್ಟೆ ಹಿಡಿದು ಮೆಷಿನ್ ಕೋಣೆಯತ್ತ ಹೆಜ್ಜೆ ಹಾಕಿದಳು. ಇವತ್ತು ಬಾಗಿಲು ಹಾಕಿಕೊಳ್ಳುವುದಿಲ್ಲ ಎಂದು ಅವಳು ತೀರ್ಮಾನ ಮಾಡಿದ್ದಳು. ಕೇಳಿಸಿಕೊಂಡಾದ ಮೇಲೆ ಇನ್ನು ಬಾಗಿಲೇಕೆ? ಆ ಇಪ್ಪತ್ತೆಂಟು ನಿಮಿಷ ಹೋದದ್ದೇ ಎಂದು ಎಣಿಸಿ ರಾತ್ರಿಯಿಡೀ ಅವಳು ಹೊರಳಾಡಿದ್ದಳು.

ಕೋಣೆಯಲ್ಲಿ ಅತ್ತೆ ಇದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಷಿನಿನ ದುಂಡು ಬಾಗಿಲನ್ನು ಮಂಡಿಯಿಂದ ಒತ್ತಿ ಮುಚ್ಚುತ್ತಿದ್ದರು. ಒಳಗೆ ಏನೋ ದಪ್ಪಗೆ, ಬೂದು ಬಣ್ಣದ್ದು ತುಂಬಿತ್ತು.

"ಏನು ಹಾಕಿದ್ರಿ ಅತ್ತೆ?"

"ಕಂಬಳಿ."

"ಇವತ್ತು ಕಂಬಳಿ ಬಂದಿಲ್ವಲ್ಲ."

"ಮೇಲಿಂದ ತಂದೆ. ನಂದು, ನಿಮ್ಮ ಮಾವಂದು."

"ಮೊನ್ನೆ ತಾನೇ ಒಗೆದಿದ್ದೆ."

ಅತ್ತೆ ನಿಮಿಷದ ಮುಳ್ಳನ್ನು ಕರಕರ ತಿರುಗಿಸಿ ಐವತ್ತೆರಡರ ಮೇಲೆ ನಿಲ್ಲಿಸಿದರು. ಸೊಸೆಯ ಮುಖ ನೋಡಲಿಲ್ಲ. ಅವಳ ಕೈಯಿಂದ ಕಾಲರಿನ ಬುಟ್ಟಿಯನ್ನೂ ಉಜ್ಜುವ ಬ್ರಷ್ಷನ್ನೂ ಕಸಿದುಕೊಂಡರು. ಅದು ಸೊಸೆಯ ಕೆಲಸ, ಅತ್ತೆ ಮುಟ್ಟಿ ವರ್ಷಗಳಾಗಿದ್ದವು.

"ನಾನೇನೂ ಕರಗಿಹೋಗಿದ್ದೀನಿ ಅಂದ್ಕೋಬೇಡ," ಎಂದರು. "ನನ್ನ ಮೇಲೆ ಏನೇನು ಹೇಳ್ತೀಯೋ ಅಂತ ನನಗೆ ಈಗ್ಲೂ ಅನುಮಾನ ಇದ್ದೇ ಇದೆ."

"ಅತ್ತೆ, ನಿನ್ನೆ ನಾನು..."

"ನಿನ್ನೆ ಹೇಳಿದ್ದು ನನಗಲ್ಲ. ಇವತ್ತು ನನಗೆ ಹೇಳೋಕೆ ಬರಬೇಡ." ಅತ್ತೆ ಹೊಸ್ತಿಲು ದಾಟಿದರು. ಬಗ್ಗಲಾರದೆ ಇಟ್ಟಿಗೆಯನ್ನು ಕಾಲಿನಿಂದಲೇ, ನೋಯುವ ಮಂಡಿಯ ಕಾಲಿನಿಂದ, ತಳ್ಳಿ ತಳ್ಳಿ ಪಕ್ಕಕ್ಕೆ ಸರಿಸಿದರು. ಬಾಗಿಲು ಎಳೆದುಕೊಳ್ಳುವ ಮುಂಚೆ ಒಂದು ಸಲ ಒಳಗೆ ತಲೆ ಹಾಕಿದರು.

"ಐವತ್ತೆರಡು ನಿಮಿಷ ಇದೆ. ನನ್ನ ವಿಷಯ ಇಪ್ಪತ್ತೆಂಟರಲ್ಲಿ ಮುಗಿಯೋ ಅಂಥದ್ದಲ್ಲ."